ತಾನೇ ಅರಿಯದ ಗೂಢಚಾರ ಮತ್ತು ಕರಾವಳಿಯ ನಗು

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಒಂದು ಪುಟ್ಟ ಊರು. ಅಲ್ಲಿನ ಸಾಮಾನಿನ ಅಂಗಡಿಯಲ್ಲಿ ರಾತ್ರಿ ಪಾಳಿಗೆ ಕೂರುವ ಮೈಕ್ ಹೋವೆಲ್ ಎಂಬ ಯುವಕ. ಗಾಂಜಾ ಸೇದುತ್ತಾನೆ, ಬಿಡುವಾದಾಗ ಬಾಹ್ಯಾಕಾಶಕ್ಕೆ ಹೋಗುವ ಮಂಗವೊಂದರ ಕಾಮಿಕ್ ಬರೆಯುತ್ತಾನೆ, ಊರಿನ ಗಡಿ ದಾಟಬೇಕೆಂದರೆ ಎದೆ ಬಡಿದುಕೊಂಡು ಕೈಕಾಲು ನಡುಗುತ್ತವೆ. ಒಂದು ರಾತ್ರಿ ಅಪರಿಚಿತ ಹೆಂಗಸೊಬ್ಬಳು ಅವನೆದುರು ನಿಂತು ತಲೆಬುಡವಿಲ್ಲದ ನಾಲ್ಕು ಮಾತು ಹೇಳುತ್ತಾಳೆ. ಯಾವುದೋ ಹಾಡಿನ ಸಾಲಿರಬೇಕು ಎಂದುಕೊಳ್ಳುತ್ತಾನೆ ಅವನು. ಅವಳು ಸೋತ ಮುಖದಲ್ಲಿ ಹೊರಟುಹೋಗುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ ಅಂಗಡಿಯ ಹೊರಗೆ, ಅವನ ಕಾರಿನ ಬಳಿ, ಇಬ್ಬರು ಆಯುಧಧಾರಿಗಳು. ಮೈಕ್‌ನ ಕೈಯಲ್ಲಿರುವುದು ಬಿಸಿ ನೂಡಲ್ಸ್ ತುಂಬಿದ ಲೋಟ ಮತ್ತು ಒಂದು ಚಮಚ, ಅಷ್ಟೇ. ಕೆಲವೇ ಕ್ಷಣಗಳಲ್ಲಿ ಇಬ್ಬರೂ ಹೆಣವಾಗಿರುತ್ತಾರೆ. ಕೊಂದವನೇ ಹೆದರಿ ನಡುಗುತ್ತ ಪ್ರೇಯಸಿಗೆ ಫೋನ್ ಮಾಡುತ್ತಾನೆ.

ನೀಮಾ ನೂರಿಜಾದೆ ನಿರ್ದೇಶಿಸಿ, ಮ್ಯಾಕ್ಸ್ ಲ್ಯಾಂಡಿಸ್ ಬರೆದ ‘ಅಮೆರಿಕನ್ ಅಲ್ಟ್ರಾ’ 2015ರ ಆಗಸ್ಟ್‌ನಲ್ಲಿ ತೆರೆಕಂಡಿತು. ಮೈಕ್ ಆಗಿ ಜೆಸ್ಸಿ ಐಸನ್‌ಬರ್ಗ್, ಪ್ರೇಯಸಿ ಫೀಬಿಯಾಗಿ ಕ್ರಿಸ್ಟನ್ ಸ್ಟೀವರ್ಟ್. ಮೈಕ್ ಸಿಐಎ ತಯಾರಿಸಿದ ಕೊಲೆಗಾರ. ಆ ತಯಾರಿಯ ನೆನಪನ್ನು ಸಂಸ್ಥೆಯೇ ಅಳಿಸಿ ಅವನನ್ನು ಈ ಊರಿನಲ್ಲಿ ಬಿಟ್ಟಿದೆ. ಈಗ ಸಂಸ್ಥೆಯ ಹೊಸ ಅಧಿಕಾರಿಯೊಬ್ಬ ಅವನನ್ನು ಮುಗಿಸಲು ಹೊರಟಿದ್ದಾನೆ, ಹಳೆಯ ಅಧಿಕಾರಿಣಿ ಅವನನ್ನು ಎಬ್ಬಿಸಿ ಉಳಿಸಿಕೊಳ್ಳಲು ಬಂದಿದ್ದಾಳೆ. ಗುಂಡು, ಬಾಂಬು, ಬಾಣಲೆ, ನಗು ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದ ಚಿತ್ರ ಇದು.

ಮಂಗಳೂರಿನ ದತ್ತಿ ಉಪನ್ಯಾಸಕ್ಕೆ ಇಂಥ ವಸ್ತು ಏಕೆ ಎಂಬ ಪ್ರಶ್ನೆ ಸಹಜ. ತನ್ನೊಳಗೆ ಏನಿದೆಯೆಂದು ತಾನೇ ಅರಿಯದ ವೀರ, ಅವನನ್ನು ಎಬ್ಬಿಸುವ ಒಂದು ಮಾತು, ಎದ್ದ ಮೇಲಿನ ದಿಗ್ಭ್ರಮೆ: ಈ ಮೂರನ್ನೂ ಕರಾವಳಿಯ ಪ್ರೇಕ್ಷಕ ರಾತ್ರಿಯಿಡೀ ರಂಗಸ್ಥಳದ ಮುಂದೆ ಕುಳಿತು ನೋಡಿದವನು. ಹಾಲಿವುಡ್ ಅದನ್ನು ಪ್ರಯೋಗಾಲಯಕ್ಕೆ ಒಯ್ದಿತು, ಯಕ್ಷಗಾನ ಸಮುದ್ರತೀರಕ್ಕೆ ಒಯ್ದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಪ್ರಶ್ನೆ ಮೇಲೆದ್ದು ಬರುತ್ತದೆ. ಮಲಗಿದವನನ್ನು ಎಬ್ಬಿಸುವವರು ಯಾರು, ಯಾರ ಲಾಭಕ್ಕಾಗಿ? ಈ ಜಾತಿಯ ಕಥೆಗಳಲ್ಲಿ ನಗುವೂ ನೋವೂ ಹುಟ್ಟುವುದು ಆ ಪ್ರಶ್ನೆಯ ಉತ್ತರದಿಂದಲೇ ಎಂಬುದು ಈ ಉಪನ್ಯಾಸದ ನಿಲುವು.

ಕಿಷ್ಕಿಂಧಾ ಕಾಂಡದ ಕೊನೆಯ ಸನ್ನಿವೇಶ ನೆನಪಿಸಿಕೊಳ್ಳಬೇಕು. ಸೀತೆ ಲಂಕೆಯಲ್ಲಿದ್ದಾಳೆಂದು ಗೊತ್ತಾಗಿದೆ, ನಡುವೆ ನೂರು ಯೋಜನದ ಕಡಲು. ವಾನರರು ಒಬ್ಬೊಬ್ಬರಾಗಿ ತಮ್ಮ ಅಳವನ್ನು ಹೇಳುತ್ತಾರೆ. ಹತ್ತು ಯೋಜನ ಎನ್ನುವವನೊಬ್ಬ, ಇಪ್ಪತ್ತು ಎನ್ನುವವನು ಇನ್ನೊಬ್ಬ. ಮುದುಕ ಜಾಂಬವಂತ ತೊಂಬತ್ತರ ಮಾತಾಡುತ್ತಾನೆ. ಅಂಗದ ಹಾರಿಯೇನು, ಮರಳಿ ಬರುವ ಭರವಸೆಯಿಲ್ಲ ಎನ್ನುತ್ತಾನೆ. ಈ ಲೆಕ್ಕಾಚಾರದ ನಡುವೆ ಒಬ್ಬ ಮಾತ್ರ ಬದಿಗೆ ಸರಿದು ಸುಮ್ಮನೆ ಕುಳಿತಿದ್ದಾನೆ. ಬಾಲ್ಯದಲ್ಲಿ ಸೂರ್ಯನನ್ನು ಹಣ್ಣೆಂದು ಹಾರಿದವನು, ಋಷಿಗಳ ಆಶ್ರಮದಲ್ಲಿ ಚೇಷ್ಟೆ ಮಾಡಿ, ಯಾರಾದರೂ ನೆನಪಿಸುವ ತನಕ ನಿನ್ನ ಬಲ ನಿನಗೇ ತಿಳಿಯದಿರಲಿ ಎಂಬ ಶಾಪ ಪಡೆದವನು. ಜಾಂಬವಂತ ಅವನ ಬಳಿ ಹೋಗಿ ಹುಟ್ಟಿನ ಕಥೆ ಹೇಳುತ್ತಾನೆ. ಕೇಳುತ್ತ ಕೇಳುತ್ತ ಹನುಮಂತ ಬೆಳೆಯುತ್ತಾನೆ.

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳಲ್ಲಿ ‘ಉಂಗುರ ಸಂಧಿ’ಯೂ ಒಂದು. ತೆಂಕುತಿಟ್ಟಿನ ಕಲಾವಿದರು ಈ ಭಾಗವನ್ನು ತಲೆಮಾರುಗಳಿಂದ ಆಡಿಕೊಂಡು ಬಂದಿದ್ದಾರೆ. ಸೂಕ್ಷ್ಮವಾಗಿ ನೋಡಿದರೆ ಅದು ಪೂರ್ತಿ ಬೇಹುಗಾರಿಕೆಯ ಕಥೆ. ವೈರಿಯ ಪಟ್ಟಣಕ್ಕೆ ರಾತ್ರಿ ಪುಟ್ಟ ರೂಪದಲ್ಲಿ ನುಸುಳುವುದಿದೆ, ಕಾವಲುಗಾರ್ತಿಯನ್ನು ಮಣಿಸುವುದಿದೆ, ತಾನು ನಂಬತಕ್ಕವನು ಎಂದು ತೋರಿಸಲು ಉಂಗುರದ ಗುರುತಿದೆ, ಮರಳಿ ಒಯ್ಯಲು ಚೂಡಾಮಣಿಯಿದೆ. ಸಿಕ್ಕಿಬಿದ್ದ ಮೇಲೆ ಬಾಲಕ್ಕೆ ಹಚ್ಚಿದ ಬೆಂಕಿಯನ್ನೇ ಆಯುಧ ಮಾಡಿಕೊಳ್ಳುವ ಜಾಣ್ಮೆಯೂ ಇದೆ. ಕೈಗೆ ಸಿಕ್ಕಿದ್ದನ್ನೇ ಆಯುಧವಾಗಿಸುವ ಮೈಕ್‌ನ ಚಮಚಕ್ಕೆ ಇದಕ್ಕಿಂತ ಹಳೆಯ ಪೂರ್ವಜ ಸಿಗಲಾರದು. ಲಂಕೆ ಉರಿಯುವಾಗ ನಮ್ಮ ಜನ ನಗುತ್ತಾರೆ. ಆ ನಗುವಿನಲ್ಲಿ ಭಕ್ತಿಗೆ ಕೊರತೆಯಿಲ್ಲ.

ಜಾಂಬವಂತ ಹೇಳಿದ್ದು ಸಂಕೇತ ವಾಕ್ಯವಲ್ಲ ಎಂಬುದನ್ನು ಗಮನಿಸಬೇಕು. ಅವನು ಹೇಳಿದ್ದು ಹನುಮಂತನದೇ ಜೀವನಚರಿತ್ರೆ. ತಾಯಿ ಯಾರು, ತಂದೆ ಯಾರು, ಗಲ್ಲಕ್ಕೆ ವಜ್ರಾಯುಧದ ಏಟು ಬಿದ್ದದ್ದು ಹೇಗೆ ಎಂಬ ವಿವರ. ಕೇಳಿಸಿಕೊಂಡವನಿಗೆ ತಾನು ಯಾರೆಂದು ಗೊತ್ತಾಗುತ್ತದೆ, ಆಮೇಲೆ ಅವನೇ ಹಾರಲು ಒಪ್ಪುತ್ತಾನೆ. ‘ಅಮೆರಿಕನ್ ಅಲ್ಟ್ರಾ’ದಲ್ಲಿ ಇದು ತಿರುಗುಮುರುಗು. ಅಲ್ಲಿ ಕೈ ಎಚ್ಚರಗೊಳ್ಳುತ್ತದೆ, ಮನಸ್ಸಿಗೆ ಏನೂ ತಿಳಿಯುವುದಿಲ್ಲ. ಕೊಲ್ಲಲು ಬೇಕಾದಷ್ಟನ್ನು ಎಬ್ಬಿಸಿ, ಬದುಕಲು ಬೇಕಾದ್ದನ್ನು ಮುಚ್ಚಿಡಲಾಗಿದೆ.

ಇವೆರಡರ ನಡುವೆ ನಿಲ್ಲುವವನು ಕರ್ಣ. ‘ಕರ್ಣಭೇದನ’ ತಾಳಮದ್ದಳೆಯ ಕೂಟಗಳಲ್ಲಿ ಮತ್ತೆಮತ್ತೆ ಅರಳುವ ಪ್ರಸಂಗ. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಹೇಳಿದ್ದು ನಿಜ, ಹೇಳಿದ ಹೊತ್ತು ರಾಜಕಾರಣದ್ದು. ಇಷ್ಟು ವರ್ಷ ಯಾರೂ ಆಡದ ಸತ್ಯ ಯುದ್ಧದ ಹೊಸ್ತಿಲಲ್ಲೇ ಏಕೆ ಹೊರಬಿತ್ತು ಎಂದು ಕರ್ಣನ ಪಾತ್ರಧಾರಿ ಕೇಳುವಾಗ ಕೂಟದ ಕಾವು ಏರುತ್ತದೆ. ಒಳ್ಳೆಯ ಅರ್ಥಧಾರಿಗಳು ಈ ಒಂದು ಪ್ರಶ್ನೆಯ ಸುತ್ತ ಗಂಟೆಗಟ್ಟಲೆ ಮಾತು ಕಟ್ಟಬಲ್ಲರು. ತಿಳಿಸಿದವನ ಉದ್ದೇಶ ಗೊತ್ತಾದ ಮೇಲೂ ತಿಳಿದ ಸತ್ಯ ಸುಳ್ಳಾಗುವುದಿಲ್ಲ, ಅದೇ ಅವನ ಸಂಕಟ. ಕರ್ಣ ಪಾಂಡವರ ಕಡೆ ಬರುವುದಿಲ್ಲ. ಎಚ್ಚರಗೊಂಡೂ ಎಬ್ಬಿಸಿದವನ ಕೆಲಸಕ್ಕೆ ಒದಗದ ವೀರ ಜಗತ್ತಿನ ಕಥಾಸಾಹಿತ್ಯದಲ್ಲೇ ವಿರಳ.

ಬೇಹುಗಾರಿಕೆಯ ಶಾಸ್ತ್ರವೂ ಕನ್ನಡ ನಾಡಿಗೆ ಹತ್ತಿರದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. ಅಲ್ಲಿನ ಓರಿಯಂಟಲ್ ಲೈಬ್ರರಿಯ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಆ ಗ್ರಂಥ ಗೂಢಚಾರರನ್ನು ಎರಡು ಬಗೆ ಮಾಡುತ್ತದೆ: ಒಂದೆಡೆ ನೆಲೆಸಿ ಕೆಲಸ ಮಾಡುವವರು, ತಿರುಗಾಡಿ ಕೆಲಸ ಮಾಡುವವರು. ವಿದ್ಯಾರ್ಥಿ, ಗೃಹಸ್ಥ, ವರ್ತಕ, ತಪಸ್ವಿ ಮುಂತಾದ ವೇಷಗಳಲ್ಲಿ ಊರೊಳಗೆ ಬೇರುಬಿಟ್ಟು ಕೂರುವವರು ಮೊದಲ ಬಗೆಯವರು. ಇಂದು ಸ್ಲೀಪರ್ ಏಜೆಂಟ್ ಎನ್ನುವವನ ಹಳೆಯ ರೂಪ ಇದೇ. ಆದರೆ ಇವರೆಲ್ಲರಿಗೂ ತಾವು ಯಾರ ಸಂಬಳ ತಿನ್ನುತ್ತಿದ್ದೇವೆಂದು ಗೊತ್ತಿತ್ತು.

ಗೊತ್ತಿಲ್ಲದವನನ್ನು ಬಳಸುವ ಕಥೆ ಬೇಕಿದ್ದರೆ ವಿಶಾಖದತ್ತನ ‘ಮುದ್ರಾರಾಕ್ಷಸ’ಕ್ಕೆ ಹೋಗಬೇಕು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣ ರಚಿಸಿದ ‘ಮುದ್ರಾಮಂಜೂಷ’ದ ಮೂಲಕ ಆ ಕಥಾವಸ್ತು ಕನ್ನಡ ಗದ್ಯಕ್ಕೆ ಬಂತು. ನಾಟಕದಲ್ಲಿ ಶಕಟದಾಸ ಎಂಬ ಲಿಪಿಕಾರ ಅಮಾತ್ಯ ರಾಕ್ಷಸನ ಆಪ್ತ. ಚಾಣಕ್ಯನ ಕಡೆಯವನೊಬ್ಬ ಅವನಿಂದ ಒಂದು ಪತ್ರ ಬರೆಸಿಕೊಳ್ಳುತ್ತಾನೆ; ಅದು ಏನು, ಯಾರಿಗೆ ಎಂಬುದು ಶಕಟದಾಸನಿಗೆ ತಿಳಿಯದು. ಅದರ ಮೇಲೆ ರಾಕ್ಷಸನದೇ ಮುದ್ರೆಯುಂಗುರದ ಗುರುತು ಬೀಳುತ್ತದೆ. ಆ ಒಂದು ಪತ್ರ ರಾಕ್ಷಸನ ಇಡೀ ಪಾಳೆಯವನ್ನು ಒಡೆಯುತ್ತದೆ. ಸ್ನೇಹಿತನನ್ನು ಸೋಲಿಸಿದ ಅಕ್ಷರ ಸ್ನೇಹಿತನದೇ, ಬರೆದವನಿಗೆ ಮಾತ್ರ ಅದರ ಅರಿವಿಲ್ಲ. ಕನ್ನಡದ ಓದುಗನಿಗೆ ಈ ಬಗೆಯ ಅಮಾಯಕ ಗೂಢಚಾರ ಪರಿಚಯವಾಗಿ ಇನ್ನೂರು ವರ್ಷ ದಾಟಿದೆ.

ಇಷ್ಟೆಲ್ಲ ಇದ್ದೂ ಕನ್ನಡ ಚಿತ್ರರಂಗ ಗೂಢಚಾರಿಕೆಗೆ ಕೈಹಾಕಿದಾಗ ಆರಿಸಿಕೊಂಡದ್ದು ಎಲ್ಲವನ್ನೂ ಬಲ್ಲ ನಾಯಕನನ್ನು. ಅದಕ್ಕೆ ಕಾರಣವಿತ್ತು. 1962ರ ‘ಡಾಕ್ಟರ್ ನೋ’ದಿಂದ ಶುರುವಾದ ಜೇಮ್ಸ್ ಬಾಂಡ್ ಅಲೆ ಲೋಕವನ್ನೆಲ್ಲ ಆವರಿಸಿತ್ತು. ದೊರೆ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ತಂದಿತು. ಬೇಡರ ಕಣ್ಣಪ್ಪನಾಗಿ, ಕನಕದಾಸನಾಗಿ ಜನಮನದಲ್ಲಿ ನೆಲೆಸಿದ್ದ ರಾಜಕುಮಾರ್ ಸೂಟು ತೊಟ್ಟು ಸಿಐಡಿ 999 ಪ್ರಕಾಶ್ ಆದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಮತ್ತೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ‘ಕಸ್ತೂರಿ ನಿವಾಸ’, ‘ಎರಡು ಕನಸು’ ಚಿತ್ರಗಳ ಮೃದು ಕೈ ಮತ್ತು ಈ ಚಿತ್ರಗಳ ಚುರುಕು ಕೈ ಒಂದೇ ಜೋಡಿಯದು ಎಂಬುದು ಇಂದಿಗೂ ಬೆರಗಿನ ಸಂಗತಿ. ನಾಲ್ಕನೆಯ ಚಿತ್ರದ ಹೊತ್ತಿಗೆ ರಾಜಕುಮಾರ್ ಪೂರ್ಣಪ್ರಮಾಣದ ಗಾಯಕರಾಗಿದ್ದರು. ಶಾಲೆಯ ಮೆಟ್ಟಿಲನ್ನು ಚಿಕ್ಕಂದಿನಲ್ಲೇ ಇಳಿದಿದ್ದ ಅವರು ಅದರಲ್ಲಿ ಒಂದು ಇಂಗ್ಲಿಷ್ ಹಾಡನ್ನು ಸ್ವತಃ ಹಾಡಿದರು. ಆ ಹಾಡು ಇಂದಿನ ಹುಡುಗರ ಮೊಬೈಲುಗಳಲ್ಲೂ ಜೀವಂತವಾಗಿದೆ.

ಓದುವ ಕಡೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇದ್ದ. ನಾಲ್ಕನೇ ತರಗತಿಗೆ ಓದು ನಿಲ್ಲಿಸಿದ ಲೇಖಕರೊಬ್ಬರು ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದು, ಓದುವ ಹವ್ಯಾಸವೇ ಇಲ್ಲದ ಸಾವಿರಾರು ಮಂದಿಗೆ ಕನ್ನಡ ಓದು ಕಲಿಸಿದರು. ವಾಚನಾಲಯಗಳು ದಿನಬಾಡಿಗೆಗೆ ಕೊಡುತ್ತಿದ್ದ ಆ ಪುಸ್ತಕಗಳಲ್ಲಿ ಪತ್ತೇದಾರನಿಗೆ ಗೊತ್ತಾಗದ್ದು ಯಾವುದೂ ಇರಲಿಲ್ಲ. ಹೊಸದಾಗಿ ಅಕ್ಷರ ಕಲಿತ, ಹೊಸದಾಗಿ ಪಟ್ಟಣ ಸೇರಿದ ಓದುಗನಿಗೆ ತಿಳಿವಳಿಕೆಯೇ ಬಲವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ತನ್ನ ಬಗ್ಗೆಯೇ ತಿಳಿಯದ ನಾಯಕ ಅವನಿಗೆ ಆಗ ಬೇಕಿರಲಿಲ್ಲ.

ಕನ್ನಡ ತೆರೆಯಲ್ಲಿ ಆ ಅರಿವಿಲ್ಲದಿರುವಿಕೆ ಪತ್ತೇದಾರಿಯ ದಾರಿ ಬಿಟ್ಟು ದೆವ್ವದ ದಾರಿಯಲ್ಲಿ ಬಂತು. 2004ರ ‘ಆಪ್ತಮಿತ್ರ’ದಲ್ಲಿ ಸೌಂದರ್ಯ ಅಭಿನಯಿಸಿದ ಗಂಗೆಗೆ ತನ್ನೊಳಗೆ ನಾಗವಲ್ಲಿ ಇದ್ದಾಳೆಂಬ ಸುಳಿವೇ ಇಲ್ಲ. ಬೀಗ ಹಾಕಿದ ಕೋಣೆ, ನೃತ್ಯದ ಸದ್ದು, ಒಂದು ಕಥೆ ಅವಳನ್ನು ಬೇರೆಯವಳಾಗಿಸುತ್ತವೆ. 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ನಿಂದ ಬಂದ ಈ ಕಥೆಯಲ್ಲಿ ಎಬ್ಬಿಸುವವನು ವೈದ್ಯ, ಎಬ್ಬಿಸುವುದು ಗುಣಪಡಿಸಲು. ಆ ಚಿತ್ರದಲ್ಲಿ ಹಾಸ್ಯಕ್ಕೆ ಧಾರಾಳ ಜಾಗವಿದೆ. ಆದರೆ ಯಾರೂ ಗಂಗೆಯನ್ನು ನೋಡಿ ನಗುವುದಿಲ್ಲ. ಅಲ್ಲಿನ ಸಭ್ಯತೆ ಅದು. ಚಿತ್ರ ಬಿಡುಗಡೆಯಾಗುವ ನಾಲ್ಕು ತಿಂಗಳ ಮೊದಲೇ ಸೌಂದರ್ಯ ತೀರಿಕೊಂಡಿದ್ದರು, ಹೀಗಾಗಿ ಆ ಕಣ್ಣುಗಳನ್ನು ತೆರೆಯ ಮೇಲೆ ನೋಡುವುದು ಅನೇಕರಿಗೆ ಭಾರವಾಗಿತ್ತು.

ಹಾಲಿವುಡ್‌ನ ಅರಿಯದ ಗೂಢಚಾರ ಹುಟ್ಟಿದ್ದು ಶೀತಲ ಸಮರದ ಭಯದಿಂದ. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕನ್ ಸೈನಿಕರ ಮನಸ್ಸನ್ನು ಶತ್ರು ತಿದ್ದಿ ಕಳಿಸಿರಬಹುದೆಂಬ ಗುಮಾನಿ ಹಬ್ಬಿತ್ತು. ರಿಚರ್ಡ್ ಕಾಂಡನ್ 1959ರಲ್ಲಿ ಬರೆದ ‘ದಿ ಮಂಚೂರಿಯನ್ ಕ್ಯಾಂಡಿಡೇಟ್’ ಕಾದಂಬರಿ 1962ರಲ್ಲಿ ಚಿತ್ರವಾಯಿತು. ಅಲ್ಲಿ ಇಸ್ಪೀಟಿನ ಡೈಮಂಡ್ ರಾಣಿ ಕಂಡರೆ ಸೈನಿಕ ಆಜ್ಞಾಧಾರಕನಾಗುತ್ತಾನೆ. 1977ರ ‘ಟೆಲಿಫೋನ್’ನಲ್ಲಿ ಫೋನಿನಲ್ಲಿ ಕೇಳಿಸುವ ಒಂದು ಕವಿತೆಯ ಸಾಲು ಗೃಹಸ್ಥರನ್ನು ವಿಧ್ವಂಸಕರನ್ನಾಗಿಸುತ್ತದೆ. 1988ರ ‘ದಿ ನೇಕೆಡ್ ಗನ್’ ಹೊತ್ತಿಗೆ ಅದೇ ಭಯ ನಗೆಯಾಗಿತ್ತು. ಅಲ್ಲಿ ಬೇಸ್‌ಬಾಲ್ ಆಟಗಾರನೊಬ್ಬ ರಾಣಿ ಎಲಿಜಬೆತ್‌ರನ್ನು ಕೊಲ್ಲಲು ಮೈದಾನದಲ್ಲೇ ಹೊರಡುತ್ತಾನೆ.

‘ಅಮೆರಿಕನ್ ಅಲ್ಟ್ರಾ’ದ ಶೀರ್ಷಿಕೆ ನೆನಪಿಸುವುದು ಎಂಕೆ ಅಲ್ಟ್ರಾವನ್ನು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದು ಕಥೆಯಲ್ಲ. 1953ರ ಏಪ್ರಿಲ್ 13ರಂದು ಸಿಐಎ ನಿರ್ದೇಶಕ ಆಲೆನ್ ಡಲೆಸ್ ಈ ಗುಪ್ತ ಯೋಜನೆಗೆ ಒಪ್ಪಿಗೆ ಕೊಟ್ಟ. ರಸಾಯನಶಾಸ್ತ್ರಜ್ಞ ಸಿಡ್ನಿ ಗಾಟ್ಲೀಬ್ ಅದರ ಮುಖ್ಯಸ್ಥ. ಎಲ್‌ಎಸ್‌ಡಿಯಂಥ ಮದ್ದು, ಸಂಮೋಹನ, ವಿದ್ಯುತ್ ಆಘಾತಗಳಿಂದ ಮನುಷ್ಯನ ಮನಸ್ಸನ್ನು ಅಂಕೆಗೆ ತರಬಹುದೇ ಎಂಬುದು ಅವರ ಹುಡುಕಾಟ. ಪ್ರಯೋಗಕ್ಕೆ ಒಳಗಾದ ಅನೇಕರಿಗೆ ತಾವು ಪ್ರಯೋಗದ ವಸ್ತು ಎಂಬುದೇ ತಿಳಿದಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಫ್ರಾಂಕ್ ಓಲ್ಸನ್ ಎಂಬ ಸೈನ್ಯದ ವಿಜ್ಞಾನಿಗೆ ಪಾನೀಯದಲ್ಲಿ ಗೊತ್ತಾಗದಂತೆ ಎಲ್‌ಎಸ್‌ಡಿ ಬೆರೆಸಲಾಯಿತು. ದಿನಗಳೊಳಗೆ ಅವರು ನ್ಯೂಯಾರ್ಕ್‌ನ ಹೋಟೆಲೊಂದರ ಕಿಟಕಿಯಿಂದ ಬಿದ್ದು ಸತ್ತರು. ಮದ್ದಿನ ವಿಷಯ ಮನೆಯವರಿಗೆ ತಿಳಿದದ್ದು 1975ರಲ್ಲಿ, ಇಪ್ಪತ್ತೆರಡು ವರ್ಷಗಳ ಮೇಲೆ. ಅಧ್ಯಕ್ಷ ಫೋರ್ಡ್ ಆ ಕುಟುಂಬವನ್ನು ಶ್ವೇತಭವನಕ್ಕೆ ಕರೆದು ಕ್ಷಮೆ ಕೇಳಿದರು.

ಇದೇ ಯೋಜನೆಯ ಅಂಗವಾಗಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದದ್ದು ಇನ್ನೂ ಮನ ಕಲಕುವಂಥದ್ದು. ಅಲ್ಲಿನ ಅಲೆನ್ ಮೆಮೋರಿಯಲ್ ಸಂಸ್ಥೆಗೆ ಖಿನ್ನತೆ, ಆತಂಕಗಳ ಚಿಕಿತ್ಸೆಗೆಂದು ಬಂದ ಸಾಮಾನ್ಯ ಜನರ ಮೇಲೆ ಡಾ. ಯುವೆನ್ ಕ್ಯಾಮರಾನ್ ಭಾರೀ ವಿದ್ಯುತ್ ಆಘಾತ ಮತ್ತು ದೀರ್ಘ ಔಷಧನಿದ್ರೆಯ ಪ್ರಯೋಗ ಮಾಡಿದ. ಧ್ವನಿಮುದ್ರಿತ ಮಾತುಗಳನ್ನು ಎಡೆಬಿಡದೆ ಕೇಳಿಸಿದ. ಹಳೆಯ ಮನಸ್ಸನ್ನು ಅಳಿಸಿ ಹೊಸದನ್ನು ಬರೆಯುವುದು ಅವನ ಗುರಿ. ಅಳಿಸುವುದು ಸಾಧ್ಯವಾಯಿತು, ಬರೆಯುವುದು ಆಗಲಿಲ್ಲ. ಮಕ್ಕಳನ್ನು ಗುರುತಿಸಲಾಗದ ತಾಯಂದಿರು ಮನೆಗೆ ಮರಳಿದರು. ಕೆನಡಾ ಸರ್ಕಾರ 1992ರಲ್ಲಿ 77 ಮಂದಿಗೆ ತಲಾ ಒಂದು ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಇತ್ತ 1973ರಲ್ಲೇ ಸಿಐಎ ತನ್ನ ಬಹುಪಾಲು ಕಡತಗಳನ್ನು ನಾಶ ಮಾಡಿಸಿತ್ತು. ಹಣಕಾಸಿನ ದಾಖಲೆಗಳ ನಡುವೆ ಉಳಿದುಹೋದ ಸುಮಾರು 20,000 ಪುಟಗಳು 1977ರಲ್ಲಿ ಸಿಕ್ಕಿದ್ದರಿಂದ ಇಷ್ಟಾದರೂ ಗೊತ್ತಾಯಿತು.

ಇಷ್ಟೆಲ್ಲ ಮಾಡಿಯೂ ಮಾತೊಂದಕ್ಕೆ ಎದ್ದು ಕೊಲ್ಲುವ ಒಬ್ಬ ಕೊಲೆಗಾರ ತಯಾರಾದದ್ದಕ್ಕೆ ಪುರಾವೆಯಿಲ್ಲ. ಸಿನಿಮಾ ತೋರಿಸುವ ಅತಿಮಾನವ ಸುಳ್ಳು. ಅರಿಯದೆ ಬಲಿಯಾದವರು ಮಾತ್ರ ನಿಜ. ಇದನ್ನು ತಿಳಿದು ಚಿತ್ರ ನೋಡಿದರೆ ನಗು ನಿಲ್ಲುವುದಿಲ್ಲ, ಆದರೆ ಯಾರ ಪಕ್ಷದಲ್ಲಿ ನಗಬೇಕೆಂಬುದು ಸ್ಪಷ್ಟವಾಗುತ್ತದೆ.

ಚಿತ್ರದ ಒಳ್ಳೆಯ ಗಳಿಗೆಗಳು ಗುಂಡಿನ ಕಾಳಗದಲ್ಲಿಲ್ಲ. ಮರಕ್ಕೆ ಡಿಕ್ಕಿ ಹೊಡೆದು ನಿಂತ ಕಾರನ್ನು ದೂರದಿಂದ ನೋಡುತ್ತ ಮೈಕ್ ಪ್ರೇಯಸಿಗೆ ಹೇಳುತ್ತಾನೆ: ಓಡಬೇಕಾದ ಕಾರು ನೀನು, ಅದನ್ನು ನಿಲ್ಲಿಸಿದ ಮರ ನಾನು. ಅವಳನ್ನು ಹವಾಯಿಗೆ ಕರೆದೊಯ್ದು ಮದುವೆ ಪ್ರಸ್ತಾಪ ಮಾಡಬೇಕೆಂದಿದ್ದ. ವಿಮಾನ ನಿಲ್ದಾಣದಲ್ಲೇ ಭಯ ಬಡಿದು ಪ್ರಯಾಣ ತಪ್ಪಿದೆ. ಆ ಭಯವೂ ಅವನದಲ್ಲ, ಊರು ಬಿಡದಂತೆ ಸಂಸ್ಥೆಯೇ ಒಳಗೆ ಬಿತ್ತಿದ್ದು ಎಂದು ಆಮೇಲೆ ಗೊತ್ತಾಗುತ್ತದೆ. ಯಾವುದನ್ನು ತನ್ನ ದೌರ್ಬಲ್ಯವೆಂದು ನಾಚಿಕೊಂಡು ಬದುಕಿದ್ದನೋ ಅದು ಬೇರೆಯವರ ಕಡತದಲ್ಲಿದ್ದ ಒಂದು ಆದೇಶ. ಫೀಬಿ ಕೂಡ ಅವನನ್ನು ನೋಡಿಕೊಳ್ಳಲು ನೇಮಕವಾಗಿದ್ದವಳು. ಕೆಲಸ ಮುಗಿದ ಮೇಲೂ ಪ್ರೀತಿಗಾಗಿ ಉಳಿದುಕೊಂಡವಳು. ಎಲ್ಲವನ್ನೂ ಬಲ್ಲವಳ ಮೌನ ಮತ್ತು ಏನನ್ನೂ ತಿಳಿಯದವನ ಅಪರಾಧಿ ಭಾವ ಒಂದೇ ಮನೆಯಲ್ಲಿ ವಾಸಿಸಿದ್ದು ಈ ಚಿತ್ರದ ನಿಜವಾದ ಕಥೆ. ದ್ವಿತೀಯಾರ್ಧದಲ್ಲಿ ರಕ್ತ ಹೆಚ್ಚಾಗಿ ಈ ಎಳೆ ತೆಳುವಾಗುತ್ತದೆ. ಅದು ನಷ್ಟ.

ನಿಜ ಜಗತ್ತಿನಲ್ಲೂ ಇಂಥ ಮನೆಗಳಿವೆ. 2024ರ ಆಗಸ್ಟ್ 1ರಂದು ರಷ್ಯಾ ಮತ್ತು ಪಾಶ್ಚಾತ್ಯ ದೇಶಗಳ ನಡುವೆ ಕೈದಿಗಳ ವಿನಿಮಯವಾಯಿತು. ಸ್ಲೊವೇನಿಯಾದಲ್ಲಿ ಅರ್ಜೆಂಟೀನಾದವರೆಂದು ಹೇಳಿಕೊಂಡು ಬದುಕಿದ್ದ ಗೂಢಚಾರ ದಂಪತಿ ಮಕ್ಕಳೊಂದಿಗೆ ಮಾಸ್ಕೋಗೆ ಮರಳಿದರು. ತಾವು ರಷ್ಯನ್ನರು ಎಂದು ಆ ಮಕ್ಕಳಿಗೆ ತಿಳಿದದ್ದು ವಿಮಾನ ಹಾರಿದ ಮೇಲೆಯೇ ಎಂದು ಕ್ರೆಮ್ಲಿನ್ ವಕ್ತಾರರು ಹೇಳಿದರು. ರಷ್ಯನ್ ಬಾರದ ಆ ಮಕ್ಕಳನ್ನು ಪುಟಿನ್ ಸ್ಪ್ಯಾನಿಷ್‌ನಲ್ಲಿ ಸ್ವಾಗತಿಸಿದರು.

ಈಗ ಮಂಗಳೂರಿಗೆ ಬರಬೇಕು. ಈ ನಗರದ ಕಥೆಗಾರರು ಕಳೆದ ಕೆಲವು ವರ್ಷಗಳಲ್ಲಿ ಒಬ್ಬ ಮನುಷ್ಯನೊಳಗಿನ ಇನ್ನೊಬ್ಬನನ್ನು ಕುರಿತು ಮತ್ತೆಮತ್ತೆ ಯೋಚಿಸಿದ್ದಾರೆ. ರಾಜ್ ಬಿ. ಶೆಟ್ಟಿ ಬರೆದು ನಿರ್ದೇಶಿಸಿದ ‘ಗರುಡ ಗಮನ ವೃಷಭ ವಾಹನ’ 2021ರ ನವೆಂಬರ್‌ನಲ್ಲಿ ಬಂತು. ಮಂಗಳಾದೇವಿ ಪರಿಸರದ ಆ ಕಥೆಯಲ್ಲಿ ಶಿವ ಚಪ್ಪಲಿ ಹಾಕಿಕೊಂಡು ಹುಡುಗರೊಡನೆ ಕ್ರಿಕೆಟ್ ಆಡುವವನು, ಮಾತು ಕಡಿಮೆ. ಕೊಂದ ಮೇಲೆ ಮಳೆಯಲ್ಲಿ ಅವನ ಮೈ ಹುಲಿವೇಷದ ಹೆಜ್ಜೆ ಹಾಕುತ್ತದೆ. ನವರಾತ್ರಿಯ ತಾಸೆ ಪೆಟ್ಟು ಕೇಳಿ ಬೆಳೆದ ಇಲ್ಲಿನ ಪ್ರೇಕ್ಷಕನಿಗೆ ಆ ದೃಶ್ಯವನ್ನು ಯಾರೂ ವಿವರಿಸಬೇಕಾಗಲಿಲ್ಲ. ತಾಸೆ ಕೇಳಿದರೆ ಕಾಲು ತಾನಾಗಿ ಎದ್ದೇಳುವುದು ಮಂಗಳೂರಿನ ಪ್ರತಿ ಮಗುವಿನ ಅನುಭವ.

2025ರ ಜುಲೈನಲ್ಲಿ ಬಂದ ‘ಸು ಫ್ರಂ ಸೋ’ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ತಾವೇ ಅಶೋಕನ ಪಾತ್ರ ವಹಿಸಿದ ಈ ಚಿತ್ರದ ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿಯೂ ಒಬ್ಬರು. ಕರಾವಳಿಯ ಹಳ್ಳಿಯ ಹುಡುಗ ಅಶೋಕ ಒಂದು ಪೇಚಿನಿಂದ ಪಾರಾಗಲು ಮೈಮೇಲೆ ಬಂದವನಂತೆ ನಟಿಸುತ್ತಾನೆ. ಊರು ನಂಬಿಬಿಡುತ್ತದೆ. ಅವನ ಮೈಮೇಲಿರುವುದು ಸೋಮೇಶ್ವರದ ಸುಲೋಚನಾ ಎಂದು ತೀರ್ಮಾನವೂ ಆಗುತ್ತದೆ. ಮೈಕ್‌ಗೆ ತನ್ನೊಳಗೆ ಯಾರೋ ಇರುವುದು ಗೊತ್ತಿಲ್ಲ, ಸಂಸ್ಥೆಗೂ ಫೀಬಿಗೂ ಗೊತ್ತು. ಅಶೋಕನಿಗೆ ಒಳಗೆ ಯಾರೂ ಇಲ್ಲವೆಂದು ಗೊತ್ತು, ಅವನ ಮಾತನ್ನು ಕೇಳುವವರೇ ಇಲ್ಲ. ಊರಿಗೆ ಊರೇ ನೆರವಿಗೆ ಧಾವಿಸುವುದರಲ್ಲಿ ನಗೆ ಹುಟ್ಟುತ್ತದೆ. ರವಿಯಣ್ಣನ ಹಿರಿತನ, ಗುರೂಜಿಯ ಗತ್ತು, ಮದುವೆ ಮನೆಯ ಗಲಾಟೆ ಎಲ್ಲವೂ ಪ್ರೀತಿಯಿಂದ ನೋಡಿದ ಬದುಕು. ಆಮೇಲೆ ಸುಲೋಚನಾಳ ಮಗಳು ಭಾನುವಿನ ಕಷ್ಟ ಎದುರಾದಾಗ ಸುಳ್ಳು ಮೈದುಂಬುವಿಕೆಗೆ ಒಂದು ನಿಜವಾದ ಕೆಲಸ ಸಿಗುತ್ತದೆ. ಬೇರೆಯವರು ಹೊರಿಸಿದ ಪಾತ್ರವನ್ನು ಅಶೋಕ ಕೊನೆಗೆ ತಾನೇ ಆರಿಸಿಕೊಳ್ಳುತ್ತಾನೆ. ಚಿತ್ರಕ್ಕೆ ಸಿಕ್ಕ ಜನಪ್ರೀತಿ ನಗುವಿಗಷ್ಟೇ ಸಂದದ್ದಲ್ಲ, ಈ ಆಯ್ಕೆಗೂ ಸಂದದ್ದು.

ಇಲ್ಲಿ ಒಂದು ಗೆರೆ ಎಳೆಯಬೇಕು. ತುಳುನಾಡಿನ ದೈವದ ಆವೇಶವನ್ನು ಇಂಥ ಕಥೆಗಳ ಜೊತೆ ಒಂದೇ ಹಗ್ಗಕ್ಕೆ ಕಟ್ಟುವುದು ಸರಿಯಲ್ಲ. ಕೋಲ ಕಟ್ಟುವವರು ವ್ರತ ಹಿಡಿದು, ಎಣ್ಣೆ-ವೀಳ್ಯದ ವಿಧಿಯಾದ ಎಣ್ಣೆಬೂಳ್ಯ ಪಡೆದು, ಊರಿನ ಮುಂದೆ ಆ ಹೊಣೆಯನ್ನು ಹೊರುತ್ತಾರೆ. ಎದುರಿಗೆ ನಿಂತವರಿಗೂ ದೈವ ಯಾವುದು, ಅದರ ಕಥೆ ಹೇಳುವ ಹಾಡಾದ ಪಾಡ್ದನ ಯಾವುದು ಎಂದು ಗೊತ್ತು. ಅಲ್ಲಿ ಅನುಮತಿಯಿದೆ, ಸಾಕ್ಷಿಯಿದೆ, ಮುಗಿದ ಮೇಲೆ ಮನುಷ್ಯ ತನ್ನ ಮನೆಗೆ ಮರಳುವ ಕ್ರಮವಿದೆ. ಮಾಂಟ್ರಿಯಲ್‌ನ ರೋಗಿಗಳಿಗೆ ಇದ್ಯಾವುದೂ ಇರಲಿಲ್ಲ.

ಎರಡನೆಯ ಎಚ್ಚರವೂ ಬೇಕು. ‘ಸ್ಲೀಪರ್ ಸೆಲ್’ ಎಂಬ ಮಾತು ಈ ನಗರದ ಪತ್ರಿಕೆಗಳಲ್ಲಿ ಗಂಭೀರ ಸುದ್ದಿಯಾಗಿ ಬರುವಂಥದ್ದು. ಆ ಮಾತು ಬೀದಿಗಿಳಿದಾಗ ಹೆಸರು, ಉಡುಪು, ವಿಳಾಸ ನೋಡಿ ನೆರೆಯವರನ್ನು ಅಳೆಯುವ ಚಾಳಿಯೂ ಹಿಂದೆಯೇ ಬರುತ್ತದೆ. ಆದ್ದರಿಂದ ಮಂಗಳೂರಿನಲ್ಲಿ ಇಂಥ ಹಾಸ್ಯಚಿತ್ರ ಬರೆಯುವವರು ಅನುಮಾನಕ್ಕೆ ಗುರಿಯಾದವನ ಕಡೆ ನಿಲ್ಲಬೇಕು, ಅನುಮಾನಿಸುವವರ ಕಡೆಗಲ್ಲ. ‘ಅಮೆರಿಕನ್ ಅಲ್ಟ್ರಾ’ ಆ ಮಟ್ಟಿಗೆ ಸರಿಯಾದ ಪಕ್ಷದಲ್ಲಿದೆ. ಅಲ್ಲಿ ಕೇಡು ಇರುವುದು ಕಚೇರಿಯಲ್ಲಿ, ಅಂಗಡಿಯಲ್ಲಲ್ಲ.

ಈ ಚಿತ್ರವನ್ನು ಮಂಗಳೂರಿನಲ್ಲಿ ಕಲ್ಪಿಸಿಕೊಂಡರೆ ಮೊದಲು ಹೊಳೆಯುವುದು ಊರು ಬಿಡಲಾಗದ ನಾಯಕ. ಮನೆಗೊಬ್ಬರು ಕೊಲ್ಲಿ ದೇಶಕ್ಕೋ ಮುಂಬಯಿಗೋ ಬೆಂಗಳೂರಿಗೋ ಹೋದ ಊರಿದು. ಬಜ್ಪೆಯ ವಿಮಾನ ನಿಲ್ದಾಣದ ಹೊರಗೆ ದಿನವೂ ಬೀಳ್ಕೊಡುಗೆಯ ಕಣ್ಣೀರು. ಅಂಥ ಊರಿನಲ್ಲಿ ನೇತ್ರಾವತಿ ಸೇತುವೆ ದಾಟಲೂ ಆಗದ, ವೀಸಾ ಬಂದರೂ ವಿಮಾನ ಹತ್ತಲಾಗದೆ ಮರಳಿದ ಹುಡುಗ ಎಲ್ಲರ ಬಾಯಿಗೂ ಬೀಳುತ್ತಾನೆ. ‘ಎಂಥ ಮಾರಾಯ, ಇನ್ನೂ ಇಲ್ಲೇ ಇದ್ದಿಯಾ’ ಎಂಬ ಮಾತು ಬಂದರಿನ ಅಂಗಡಿ ಕಟ್ಟೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಬೇಕು. ಆ ಭಯ ಅವನದಲ್ಲ, ಬೇರೆ ಯಾರೋ ಹಾಕಿದ ಬೀಗ ಎಂದು ಗೊತ್ತಾಗುವ ಗಳಿಗೆಯಲ್ಲಿ ಎಷ್ಟು ನಗು, ಎಷ್ಟು ಅಳು ಸೇರಬಹುದು! ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕೂ ಒಂದೇ ಬಸ್ಸಿನಲ್ಲಿ ಕೇಳಿಸುವ ನಗರದಲ್ಲಿ ಸಂಕೇತ ವಾಕ್ಯ ಯಾವ ಭಾಷೆಯಲ್ಲಿರಬೇಕು ಎಂಬುದೇ ಅರ್ಧ ಗಂಟೆಯ ಹಾಸ್ಯಕ್ಕೆ ಸಾಕು.

ಕಥೆಯ ಸಂಸ್ಥೆ ಸಿಐಎ ಆಗಬೇಕಾಗಿಲ್ಲ. ಅರಿಯದ ಏಜೆಂಟ್ ಇಂದು ನಮ್ಮ ಕಾಲೇಜು ಆವರಣಗಳ ಸುತ್ತ ನಿಜವಾಗಿಯೇ ಇದ್ದಾನೆ. ಸ್ವಲ್ಪ ಕಮಿಷನ್ ಸಿಗುತ್ತದೆಂದು ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಅನ್ನು ಪರಿಚಯಸ್ಥನ ಕೈಗೆ ಕೊಡುವ ಹುಡುಗ ಅವನು. ದೂರದಲ್ಲೆಲ್ಲೋ ಯಾರೋ ವೃದ್ಧರಿಗೆ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ದೋಚಿದ ಹಣ ಅವನ ಖಾತೆಗೆ ಬಂದು, ನಿಮಿಷಗಳಲ್ಲಿ ಹೊರಟುಹೋಗುತ್ತದೆ. ಪೊಲೀಸರು ಬಾಗಿಲು ತಟ್ಟಿದಾಗಲೇ ತಾನು ಏನಾಗಿದ್ದೆ ಎಂದು ಅವನಿಗೆ ತಿಳಿಯುವುದು. ಇಂಥ ಮ್ಯೂಲ್ ಖಾತೆಗಳ ಹಾವಳಿ ಎಷ್ಟೆಂದರೆ, ಅವನ್ನು ಹುಡುಕಲು ರಿಸರ್ವ್ ಬ್ಯಾಂಕಿನ ಇನ್ನೋವೇಷನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ಕೃತಕ ಬುದ್ಧಿಮತ್ತೆಯ ಸಾಧನವನ್ನೇ ರೂಪಿಸಿದೆ. ಶಕಟದಾಸನ ಕೈಯಿಂದ ಬರೆಸಿಕೊಂಡ ಪತ್ರದ ಹೊಸ ರೂಪ ಇದು.

ನಟವರ್ಗದ ಚಿಂತೆ ಬೇಡ. 2011ರ ‘ಒರಿಯರ್ದೊರಿ ಅಸಲ್’ ತುಳು ಚಿತ್ರಗಳಿಗೆ ಹೊಸ ಉಸಿರು ಕೊಟ್ಟಿತು, 2014ರ ‘ಚಾಲಿಪೋಲಿಲು’ ಐನೂರು ದಿನ ದಾಟಿ ಓಡಿತು. ಅರವಿಂದ ಬೋಳಾರ್, ನವೀನ್ ಡಿ. ಪಡೀಲ್, ಭೋಜರಾಜ ವಾಮಂಜೂರು ಅವರಂಥವರು ತುಳು ರಂಗಭೂಮಿಯಲ್ಲಿ ಸಾವಿರಾರು ರಾತ್ರಿ ಪಳಗಿದವರು. ಯಕ್ಷಗಾನದ ಹಾಸ್ಯಗಾರನ ಶಿಕ್ಷಣ ಅವರ ಬೆನ್ನಿಗಿದೆ: ದೂತನಾಗಿ ಬಂದು ಸುದ್ದಿ ಮುಟ್ಟಿಸುವವನು, ಬಾಗಿಲು ಕಾಯುವವನು, ಬ್ರಾಹ್ಮಣನಾಗಿಯೂ ಬೇಡನಾಗಿಯೂ ಬರುವವನು ಅವನೇ. ಇಡೀ ಪ್ರಸಂಗದ ನಡೆ ಗೊತ್ತಿದ್ದರೆ ಮಾತ್ರ ಅವನ ವೇಷ ನಿಲ್ಲುತ್ತದೆ. ಮಲಗಿದವನನ್ನು ಎಬ್ಬಿಸುವ ಮಾತನ್ನು ಕರಾವಳಿಯ ಚಿತ್ರಕಥೆಗಾರ ಅಧಿಕಾರಿಯ ಬಾಯಿಗೆ ಕೊಡುವ ಬದಲು ಅಂಥ ಒಬ್ಬ ಹಾಸ್ಯಗಾರನಿಗೆ, ಮೇಳದಿಂದ ನಿವೃತ್ತನಾಗಿ ಪಕ್ಕದ ಮನೆಯಲ್ಲಿರುವ ಅಜ್ಜನಿಗೆ, ಕೊಡಬಹುದು. ಅವನು ಹುಡುಗನಿಗೆ ಸಂಕೇತ ಹೇಳುವುದಿಲ್ಲ. ಅಮ್ಮ ಯಾರು, ಅಪ್ಪ ಯಾವ ಊರಿನವರು, ಚಿಕ್ಕಂದಿನಲ್ಲಿ ಏನಾಯಿತು ಎಂದು ಮೊದಲಿನಿಂದ ಹೇಳುತ್ತಾನೆ. ಕೇಳಿದ ಮೇಲೆ ಆ ಹುಡುಗ ಹೊಡೆದಾಡುತ್ತಾನೋ, ಮೊದಲ ಬಾರಿಗೆ ಬಜ್ಪೆಯಿಂದ ವಿಮಾನ ಹತ್ತುತ್ತಾನೋ ಎಂಬುದನ್ನು ಚಿತ್ರಕಥೆಗಾರ ಅವನಿಗೇ ಬಿಡಲಿ.